ಮೂರೂವರೆ ರತ್ತಲಿನ ಕೋಲು

ತಕ್ಕಡಿ ಕಾಕಾನ ಬಲಗೈ ಹೆಬ್ಬೆರಳಿನ ಉಗುರು ಸದಾ ಸೀಸದ ಬಣ್ಣಕ್ಕಿರುತ್ತಿತ್ತು. ಕಬ್ಬಿಣದ ತೂಕದ ಕಲ್ಲಿನ ತಳದಲ್ಲಿ ಒಂದು ಸಣ್ಣ ಕುಳಿ ಇರುತ್ತದೆ. ಕಲ್ಲು ಸವೆದು ಹಗುರಾದರೆ ಆ ಕುಳಿಗೆ ಸೀಸ ತುಂಬಿ ತೂಕ ಸರಿಪಡಿಸುತ್ತಾರೆ. ಸೀಸವನ್ನು ಬಡಿದು ಕೂರಿಸಿದ ಮೇಲೆ ಕಾಕಾ ಉಗುರಿನಿಂದ ಅದರ ಅಂಚನ್ನು ಒಮ್ಮೆ ತೀಡಿ ನೋಡುತ್ತಿದ್ದರು. ವರ್ಷಗಟ್ಟಲೆ ಹಾಗೆ ತೀಡಿದ ಉಗುರು ಅದು. ಸೋಪಿಗೂ ಹೋಗುತ್ತಿರಲಿಲ್ಲ, ಸೀಮೆಎಣ್ಣೆಗೂ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಆ ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು, ಉಳಿದ ನಾಲ್ಕು ಬೆರಳಲ್ಲೇ ರೊಟ್ಟಿ ಮುರಿಯುತ್ತಿದ್ದರು. ಸೀಸ ಹೊಟ್ಟೆಗೆ ಹೋಗಬಾರದು ಎಂದು ಯಾರೋ ಅವರಿಗೆ ಎಂದೋ ಹೇಳಿದ್ದರಂತೆ.

ಅವರ ಅಂಗಡಿ ಇದ್ದದ್ದು ನಿಪ್ಪಾಣಿಯಲ್ಲಿ, ತಂಬಾಕಿನ ಗೋದಾಮುಗಳ ಹಿಂದಿನ ಒಂದು ಓಣಿಯಲ್ಲಿ. ತಕ್ಕಡಿ, ಕಾಟಾ ಎನ್ನುವ ತೂಕದ ಯಂತ್ರ, ತೂಕದ ಕಲ್ಲು ದುರಸ್ತಿ ಮಾಡುವ ಪರವಾನಗಿ ಅವರ ತಂದೆಯ ಕಾಲದಿಂದ ಇತ್ತು. ನಾನು ಸದಲಗಾದಲ್ಲಿ ಹಾಲಿನ ಡೇರಿಯ ಸೆಕ್ರೆಟರಿ. ವರ್ಷಕ್ಕೊಮ್ಮೆ ನಮ್ಮ ಕಾಟಾ ಪರೀಕ್ಷೆಯಾಗಿ ಸರ್ಕಾರದ ಮುದ್ರೆ ಬೀಳಬೇಕು. ಅದಕ್ಕೆ ಮುಂಚೆ ಕಾಕಾ ಬಂದು ಎಲ್ಲವನ್ನೂ ನೋಡಿ ಸರಿಮಾಡಿ ಹೋಗುತ್ತಿದ್ದರು. ಜೊತೆಯಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಕೆಂಪು ಮಖಮಲ್ಲಿನ ಕುಳಿಗಳಲ್ಲಿ ಹಿತ್ತಾಳೆಯ ತೂಕಗಳು, ಕಿಲೊದಿಂದ ಹಿಡಿದು ಗ್ರಾಮಿನವರೆಗೆ. ದುಂಡನೆಯ ಮೈ, ಸಣ್ಣ ಕತ್ತು, ಅದರ ಮೇಲೊಂದು ಗುಂಡಿ. ಬೇರೆಲ್ಲ ತೂಕಗಳನ್ನು ಕಾಕಾ ಪರೀಕ್ಷಿಸುತ್ತಿದ್ದದ್ದು ಇವುಗಳಿಂದ. ಆದ್ದರಿಂದ ಬರಿಗೈಯಲ್ಲಿ ಅವನ್ನು ಮುಟ್ಟುತ್ತಿರಲಿಲ್ಲ. ಬೆವರು ತಾಗಿದರೂ ತೂಕ ಕೆಡುತ್ತದೆ ಎನ್ನುತ್ತಿದ್ದರು. ಒಂದು ತುಂಡು ಬಿಳಿ ಮಲ್ ಬಟ್ಟೆಯಲ್ಲಿ ಹಿಡಿದು, ಮೊಟ್ಟೆ ಇಟ್ಟ ಹಾಗೆ ಇಡುತ್ತಿದ್ದರು.

ಅವರ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುತ್ತಿದ್ದ ಮಾತು ಒಂದೇ: "ತಡಿ, ಇನ್ನೂ ಅಲ್ಲಾಡಾಕತ್ತೈತಿ." ತಕ್ಕಡಿಯ ಮುಳ್ಳು ಪೂರ್ತಿ ನಿಲ್ಲದೆ ಅವರು ಅಂಕಿ ಓದುತ್ತಿರಲಿಲ್ಲ. ಈಗಿನ ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೂ ಕೊನೆಯ ಅಂಕಿ ಮಿಣುಕುವುದು ನಿಲ್ಲುವವರೆಗೆ ಕೈಕಟ್ಟಿ ನಿಲ್ಲುತ್ತಿದ್ದರು. ಬೆಳಿಗ್ಗೆ ಹಾಲು ಹಾಕಲು ಬಂದ ಹೆಣ್ಣುಮಕ್ಕಳು ಕ್ಯಾನು ಹಿಡಿದು ಸಾಲಿನಲ್ಲಿ ನಿಂತು ಗೊಣಗುತ್ತಿದ್ದರು.

"ಕಾಕಾ, ಹಾಲು ಮೊಸರಾತ್ರಿ ನಿಂತು ನಿಂತು!"

"ಆಗಲಿ ಬೇ. ಮೊಸರಿಗೂ ಖರೇ ತೂಕಾನ ಬೇಕಲ್ಲ."

ಕಾಕಾನಿಗಿದ್ದ ಇನ್ನೊಂದು ಹುಚ್ಚು ಗಾಳ. ಭಾನುವಾರ ಅಂಗಡಿ ಮುಚ್ಚಿ ಯಡೂರಿಗೆ ಹೋಗುತ್ತಿದ್ದರು. ವೀರಭದ್ರನ ಗುಡಿಗೆ ದೂರದಿಂದಲೇ ಕೈಮುಗಿದು, ಸ್ನಾನದ ಘಟ್ಟ ಬಿಟ್ಟು ಬಹಳ ಮೇಲಕ್ಕೆ ನಡೆದು, ಕೃಷ್ಣೆಯ ದಂಡೆಯಲ್ಲಿ ಒಂದು ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಶೇಂಗಾ ಹಿಂಡಿ, ಜೋಳದ ಹಿಟ್ಟು, ಚೂರು ಬೆಲ್ಲ ಕಲಸಿದ ಉಂಡೆ. ಗೆಂಡೆ ಮೀನಿಗೆ ಅದೇ ಮೇವು. ನನ್ನ ತಮ್ಮನಿಗೆ ಈ ಹುಚ್ಚು ಅಂಟಿಸಿದವರು ಅವರೇ. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಹೊಲ ನೋಡಿಕೊಳ್ಳುವವನು ಅವನು. ನಾನು ದಂಡೆಯಲ್ಲಿ ಕೂತು ಚಹಾದ ಥರ್ಮಾಸ್ ಕಾಯುವವನು.

ಒಂದು ದಿನ ತಮ್ಮ ಫೋನಿನಲ್ಲೇ ಆರ್ಡರ್ ಮಾಡಿ ಹೊಸ ಗಾಳದ ಕೋಲು ತರಿಸಿದ. ಕಪ್ಪಗೆ ಮಿರಿಮಿರಿ ಮಿಂಚುವ ಕೋಲು, ಎರಡು ತುಂಡಿನದು, ಜೋಡಿಸಿದರೆ ಹನ್ನೆರಡು ಅಡಿ. ಹಿಡಿಕೆಯ ಮೇಲೆ ಬಿಳಿ ಅಕ್ಷರದಲ್ಲಿ 3.5, ಪಕ್ಕದಲ್ಲಿ ಇಂಗ್ಲಿಷಿನ ಎಲ್, ಬಿ. ಅದನ್ನು ಕಾಕಾನಿಗೆ ತೋರಿಸಲು ನಿಪ್ಪಾಣಿಗೆ ಹೋದೆವು.

"ಮೂರೂವರೆ ಐತ್ರಿ ಕಾಕಾ. ನಿಮ್ಮದು ಬರೇ ಎರಡೂ ಮುಕ್ಕಾಲು," ಎಂದ ತಮ್ಮ.

"ಮೂರೂವರೆ ಏನು?"

"ಕಿಲೊ. ಮೂರೂವರೆ ಕಿಲೊ ಮೀನಿನ ಮಟಾ ತಡೀತೈತಿ."

"ಅದಕ್ಕಿಂತ ದೊಡ್ಡದು ಬಿದ್ರ?"

"ಮುರೀತೈತಿ."

"ಹಂಗಂತ ಯಾರು ಹೇಳಿದ್ರು?"

ತಮ್ಮ ನನ್ನ ಕಡೆ ನೋಡಿದ. ಹೇಳಿದವನು ನಾನೇ. ನಮ್ಮ ಡೇರಿಯ ಕಾಟಾದ ತಗಡಿನ ಮೇಲೆ ಅದು ಗರಿಷ್ಠ ಎಷ್ಟು ತೂಗಬಲ್ಲದು ಎಂದು ಬರೆದಿರುತ್ತದೆ. ಅದನ್ನು ಮೀರಿ ಹೇರಿದರೆ ಕಾಟಾ ಕೆಡುತ್ತದೆ. ದಿನಾ ಅದರ ಮುಂದೆಯೇ ನಿಲ್ಲುವ ನಾನು ಕೋಲಿನ ಮೇಲಿನ ಅಂಕಿಯನ್ನೂ ಹಾಗೆಯೇ ಓದಿದ್ದೆ.

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ಸೆಕ್ರೆಟ್ರಿ ಸಾಹೇಬ್ರಿಗೆ ಜಗತ್ತೆಲ್ಲಾ ಡೇರಿ ಕಾಟಾನ ಕಾಣತೈತಿ!"

ಆಮೇಲೆ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಒಂದು ಹಳೆಯ ಕಬ್ಬಿಣದ ಕಲ್ಲನ್ನು ಎತ್ತಿ ತಮ್ಮನ ಕೈಯಲ್ಲಿಟ್ಟರು. ಅವರ ತಂದೆಯ ಕಾಲದ ರತ್ತಲಿನ, ಅಂದರೆ ಪೌಂಡಿನ ಕಲ್ಲು. ಅರ್ಧ ಕಿಲೊಗಿಂತ ಸ್ವಲ್ಪ ಕಡಿಮೆ. "ಎಲ್‌ಬಿ ಅಂದ್ರ ಇದು, ರತ್ತಲ. ಇಂಥಾ ಮೂರೂವರೆ. ಈಗ ಅದು ಏನು ಹೇಳತೈತಿ ಅಂತ ಅದನ್ನ ಕೇಳೂಣು."

ಕೋಲಿನ ಹಿಡಿಕೆಗೆ ಬಟ್ಟೆ ಸುತ್ತಿ, ಗೋಡೆಗೆ ಎತ್ತರದಲ್ಲಿ ಕೂರಿಸಿದ್ದ ಕಬ್ಬಿಣದ ಇಕ್ಕಳದಲ್ಲಿ ಅಡ್ಡಲಾಗಿ ಬಿಗಿದರು. ದಾರವನ್ನು ಉಂಗುರಗಳಲ್ಲಿ ಹಾಯಿಸಿ, ತುದಿಯಿಂದ ಕೆಳಗೆ ಒಂದು ತಕ್ಕಡಿಯ ತಟ್ಟೆ ತೂಗಬಿಟ್ಟರು. ತಟ್ಟೆಯನ್ನೂ ಮೊದಲೇ ತೂಗಿ ಲೆಕ್ಕಕ್ಕೆ ಹಿಡಿದಿದ್ದರು. ಒಂದೊಂದೇ ತೂಕ ಇಡುತ್ತ ಹೋದಂತೆ ಕೋಲು ಬಾಗಿತು. ಬಡಗಿಯ ಮೂಲೆಮಟ್ಟ ಹಿಡಿದು ನೋಡುತ್ತಿದ್ದರು. ತುದಿಯು ನೆಟ್ಟಗೆ ನೆಲ ನೋಡುವಂತೆ, ಹಿಡಿಕೆಗೆ ಮೂಲೆಮಟ್ಟವಾಗಿ ಬಾಗಿದಾಗ ಕೈ ಎತ್ತಿದರು.

"ಆತೇನ್ರಿ?" ಎಂದೆ.

"ತಡಿ, ಇನ್ನೂ ಅಲ್ಲಾಡಾಕತ್ತೈತಿ."

ನಿಂತಿತು. ತಟ್ಟೆ ಸೇರಿ ಒಂದು ಕಿಲೊ ಐನೂರಾ ತೊಂಬತ್ತು ಗ್ರಾಂ. "ಮೂರೂವರೆ ರತ್ತಲಿಗೆ ಎರಡು ಗ್ರಾಂ ಆಕಡಿ ಈಕಡಿ. ಖರೇನ ಬರದಾರ," ಎಂದು ಕಾಕಾ ಒಪ್ಪಿಕೊಂಡರು. "ನೋಡು ತಮ್ಮಾ, ಇದು ಎಷ್ಟು ಹೊರತೈತಿ ಅಂತ ಬರದದ್ದಲ್ಲ. ಎಷ್ಟು ಜಗ್ಗಿದ್ರ ಇಷ್ಟು ಬಾಗತೈತಿ ಅಂತ ಬರದದ್ದು. ಹತ್ತು ಕಿಲೊ ಮೀನಾನೂ ಇದರಾಗ ದಂಡಿಗೆ ಬರತೈತಿ, ದಣಿಸಿ ತಂದ್ರ."

ಆಮೇಲೆ ಕಾಕಾ ತಮ್ಮ ಸ್ವಂತ ಕೋಲನ್ನು ಅದೇ ಇಕ್ಕಳಕ್ಕೆ ಹಾಕಿದರು. ಒಂದೂಕಾಲು ಕಿಲೊಗೆ ಅದು ತಲೆಬಾಗಿತು.

"ನಾವು ಮೀನ ಹಿಡಿಯೂದು ದಂಡಿಯಿಂದ ಮೂವತ್ತು ನಾಲ್ವತ್ತು ಅಡಿಗೆ. ಅದಕ್ಕ ಇದ ಸಾಕು. ಗೆಂಡಿ ಬಾಯಿ ಮೆತ್ತಗ. ಕಾಲ ಹತ್ರ ಬಂದಾಗ ತಲಿ ಝಾಡಿಸತೈತಿ. ಆವಾಗ ಕೋಲು ಬಾಗಲಿಲ್ಲ ಅಂದ್ರ ಬಾಯಿ ಹರಕೊಂಡು ಹೋಗತೈತಿ."

"ಮತ್ತ ಇಂಥಾದ್ದು ಯಾಕ ಮಾಡ್ಯಾರ್ರಿ?" ತಮ್ಮನ ದನಿ ಸಣ್ಣದಾಗಿತ್ತು.

"ದೂರ ಒಗ್ಯಾಕ. ರತ್ತಲಿಗೆ ಒಂದು ಔನ್ಸಿನ ಲೆಕ್ಕ. ಇದಕ್ಕ ಮೂರೂವರೆ ಔನ್ಸ್, ಅಂದ್ರ ನೂರು ಗ್ರಾಂ ಸೀಸ ಕಟ್ಟಿ ಒಗದ್ರ ಹೊಳಿ ನಟ್ಟನಡಬರಕ ಹೋಗತೈತಿ. ನನ್ನ ಕೋಲಿಗೆ ನೂರು ಕಟ್ಟಿದ್ರ ಅದು ಬಳ್ಳಿ ಆಕ್ಕೈತಿ. ಆದ್ರ ಹೊಳಿ ನಡಬರಕ ನಿನಗೇನು ಕೆಲಸ?"

ತಮ್ಮ ಕೇಳಲಿಲ್ಲ. ಹೊಸ ಕೋಲಿನ ಹುರುಪು. ಮುಂದಿನ ಭಾನುವಾರ ಯಡೂರಿನಲ್ಲಿ ಒಳ್ಳೆಯ ಗೆಂಡೆಯೊಂದು ಬಿತ್ತು. ಬಂಗಾರದ ಬಣ್ಣದ ಪಕ್ಕೆ ನೀರಿನಲ್ಲಿ ಹೊರಳಿದ್ದನ್ನು ನಾನೇ ಕಂಡೆ. ಮೀನೆತ್ತುವ ಕೈಬಲೆ ಇನ್ನೇನು ಒಂದು ಮಾರು ದೂರ ಇರುವಾಗ ಮೀನು ತಲೆ ಕೊಡವಿತು. ಕೋಲು ಗಟ್ಟಿಯಾಗಿ ನಿಂತೇ ಇತ್ತು. ದಾರ ಸಡಿಲಾಯಿತು. ಗಾಳದ ಮೇಲೆ ಉಗುರಿನಷ್ಟು ತುಟಿಯ ಚೂರು ಮಾತ್ರ ಬಂತು. ತಮ್ಮ ಅದನ್ನು ಬೆರಳಲ್ಲಿ ಬಿಡಿಸಿ ತೆಗೆದ. ಕಾಕಾ ತಮ್ಮ ಸ್ವಂತ ಕೋಲನ್ನು ಅವನ ಕೈಗೆ ಕೊಟ್ಟು, ಕುರ್ಚಿಯಿಂದ ಎದ್ದು ನನ್ನ ಪಕ್ಕ ನೆಲದ ಮೇಲೆ ಕೂತರು. ಹತ್ತು ಗಂಟೆಯ ಹೊತ್ತಿಗೆ ಅದೇ ಕೋಲಿನಲ್ಲಿ ತಮ್ಮ ಎರಡು ಕಿಲೊದ ಗೆಂಡೆ ತಂದ. ಕೋಲು ಅರ್ಧಚಂದ್ರನ ಹಾಗೆ ಬಾಗಿ, ಮೀನು ಜಗ್ಗಿದಾಗೆಲ್ಲ ತಾನೂ ಹೋಗಿ, ಬಿಟ್ಟಾಗ ತಾನೂ ಬಂದು, ಮೀನನ್ನು ದಣಿಸಿತ್ತು.

"ಮೂರೂವರೆ ಸಾಹೇಬ್ರು ಈಗ ಏನ ಮಾಡ್ತಾರ?" ಎಂದು ಕಾಕಾ ಕೆಣಕಿದರು.

"ಡೇರಿ ಗ್ವಾಡಿ ಮ್ಯಾಲ ಮಲಗ್ತಾರ್ರಿ," ಎಂದ ತಮ್ಮ.

ಹಾಗೆಯೇ ಮಾಡಿದ. ಎರಡು ಮೊಳೆ ಹೊಡೆದು, ಡೇರಿಯ ಗೋಡೆಯ ಮೇಲೆ ರೀಲು ದಾರದ ಸಮೇತ ಅದನ್ನು ಅಡ್ಡ ಮಲಗಿಸಿದ. ಎರಡು ವರ್ಷ ಅದು ಅಲ್ಲೇ ಇತ್ತು.

ಇಲ್ಲಿಂದ ಮುಂದೆ ನಿಧಾನವಾಗಿ ಬರೆಯಬೇಕು. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಮಳೆಗಾಲದಲ್ಲಿ ದೂಧಗಂಗೆ ಏರತೊಡಗಿದರೆ ನಮ್ಮ ಕಡೆ ಎಲ್ಲರೂ ಮೊದಲು ಓಡುವುದು ಹೊಳೆದಂಡೆಯ ಪಂಪ್‌ಸೆಟ್ಟಿನ ಮೋಟರ್ ಎತ್ತಲು. ಮುಳುಗಿದರೆ ಮೋಟರ್ ಸುಡುತ್ತದೆ. ಆ ದಿನ ತಮ್ಮ ಇಬ್ಬರು ಆಳುಗಳೊಂದಿಗೆ ಹೋಗಿ ಮೋಟರ್ ಎತ್ತಿ ಟ್ರ್ಯಾಕ್ಟರಿಗೆ ಹಾಕಿ ಕಳಿಸಿದ್ದ. ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿಕೊಂಡು ಬರುತ್ತೇನೆಂದು ತಾನೊಬ್ಬನೇ ಮೋಟರ್ ಮನೆಯಲ್ಲಿ ಉಳಿದ. ಆ ಮನೆ ಒಂದು ದಿಬ್ಬದ ಮೇಲಿದೆ, ಕರಿಕಲ್ಲಿನ ಹಳೆಯ ಕಟ್ಟಡ. ಹಿಂದಿನ ತಗ್ಗಿನ ಕಬ್ಬಿನ ಹೊಲದೊಳಗಿಂದ ನೀರು ಸುತ್ತು ಹಾಕಿ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ನಾವು ಸುದ್ದಿ ತಿಳಿದು ಓಡಿದಾಗ ಮಧ್ಯಾಹ್ನ. ಅವನು ಛಾವಣಿಯ ಸ್ಲ್ಯಾಬಿನ ಮೇಲೆ ನಿಂತಿದ್ದ. ನಮ್ಮ ಅವನ ನಡುವೆ ಕೆಂಪು ನೀರು ಓಡುತ್ತಿತ್ತು. ಬಾಗಿಲು ಅರ್ಧ ಮುಳುಗಿತ್ತು. ಗೋಡೆಯ ಮೂಲೆಯಿಂದ ಒಂದು ಕಲ್ಲು ಬಿದ್ದದ್ದನ್ನು ನಾನು ಕಂಡೆ. ಸ್ವಲ್ಪ ಹೊತ್ತಿಗೆ ಇನ್ನೊಂದು.

ದೋಣಿ ಬೇರೊಂದು ಊರಿನಲ್ಲಿ ಜನರನ್ನು ದಾಟಿಸುತ್ತಿತ್ತು. ಬರಲು ಎರಡು ತಾಸಾದರೂ ಬೇಕು ಎಂದು ತಿಳಿಯಿತು. ಈಜು ಬಲ್ಲ ಒಬ್ಬ ಇಳಿದ. ಹತ್ತು ಹೆಜ್ಜೆಗೆ ಸೆಳವು ಅವನನ್ನು ಮಗುಚಿತು, ಎಳೆದು ತಂದೆವು. ಹಗ್ಗ ಇತ್ತು, ಟ್ರ್ಯಾಕ್ಟರಿನ ಟ್ಯೂಬ್ ಇತ್ತು. ಆಚೆ ಮುಟ್ಟಿಸುವ ದಾರಿ ಇರಲಿಲ್ಲ. ಕಲ್ಲು ಕಟ್ಟಿ ಎಸೆದ ಹಗ್ಗ ಕಾಲು ಭಾಗ ದೂರವೂ ಹೋಗಲಿಲ್ಲ.

ಅಂದು ಕಾಟಾ ನೋಡಲು ನಮ್ಮ ಡೇರಿಗೆ ಬಂದಿದ್ದ ಕಾಕಾ ನಮ್ಮ ಜೊತೆಗೇ ಹೊಳೆಗೆ ಬಂದಿದ್ದರು. ಅವರು ಯಾವಾಗ ವಾಪಸು ಡೇರಿಗೆ ಹೋದರೋ ನಾನು ನೋಡಲಿಲ್ಲ. ಮೋಟರ್‌ಸೈಕಲ್ಲಿನ ಹಿಂದೆ ಕೂತು ಮರಳಿ ಬಂದಾಗ ಅವರ ಒಂದು ಕೈಯಲ್ಲಿ ತಮ್ಮನ ಆ ಕಪ್ಪು ಕೋಲು, ಇನ್ನೊಂದು ಕೈಯಲ್ಲಿ ಮರದ ಪೆಟ್ಟಿಗೆ.

ಕಾಕಾ ಏನು ಮಾಡಹೊರಟಿದ್ದಾರೆಂದು ಜನಕ್ಕೆ ತಿಳಿಯಿತು. ದಾರ ದಾಟಿದರೆ ದಾರಕ್ಕೆ ಹುರಿ, ಹುರಿಗೆ ಹಗ್ಗ. "ದೊಡ್ಡ ಕಲ್ಲ ಕಟ್ರಿ! ಅರ್ಧ ಕಿಲೊ ಕಟ್ರಿ, ದೂರ ಹೋಗತೈತಿ!" ಎಂದು ನಾಲ್ಕೂ ಕಡೆಯಿಂದ ಕೂಗು.

"ಅರ್ಧ ಕಿಲೊ ಕಟ್ಟಿದ್ರ ಕೋಲು ಮುರೀತೈತಿ. ಸಣ್ಣದು ಕಟ್ಟಿದ್ರ ಗಾಳಿ ಒಯ್ತೈತಿ. ಇದಕ್ಕ ನೂರು ಗ್ರಾಂ," ಎಂದರು ಕಾಕಾ. ದನಿ ಏರಿಸಲಿಲ್ಲ.

ಮೊದಲು ಟ್ರ್ಯಾಕ್ಟರಿನ ಒಂದು ಕಬ್ಬಿಣದ ನಟ್ಟು ಸಿಕ್ಕಿತು. ಅಂಗೈಯಲ್ಲಿ ತೂಗಿ ನೋಡಿ, "ತೊಂಬತ್ತೈದು," ಎಂದು ಕಟ್ಟಿ ಎಸೆದರು. ನಟ್ಟಿನ ಅಂಚು ದಾರವನ್ನೇ ಕೊಯ್ದಿತು. ಅದೊಂದೇ ಹಾರಿ ಹೋಗಿ ನೀರಿಗೆ ಬಿತ್ತು. ಆಗ ಕಾಕಾ ಪೆಟ್ಟಿಗೆ ತೆರೆದರು. ಮಲ್ ಬಟ್ಟೆ ಹುಡುಕಲಿಲ್ಲ. ಬರಿಗೈಯಿಂದ, ಆ ಸೀಸದ ಉಗುರಿನಿಂದಲೇ ಮಖಮಲ್ಲಿನ ಕುಳಿಯೊಳಗಿನ ನೂರು ಗ್ರಾಮಿನ ಹಿತ್ತಾಳೆ ತೂಕವನ್ನು ಎಬ್ಬಿಸಿ, ಅದರ ದುಂಡನೆಯ ಕತ್ತಿಗೆ ದಾರ ಬಿಗಿದರು.

ಕೋಲನ್ನು ಬೆನ್ನ ಹಿಂದೆ ಒಯ್ದರು. ದಾರದ ತುದಿಯಲ್ಲಿ ತೂಕ ತೂಗಾಡುತ್ತಿತ್ತು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಆಚೆ ಇನ್ನೊಂದು ಕಲ್ಲು ಬಿತ್ತು. ಜನ "ಒಗೀರಿ! ಒಗೀರಿ!" ಎನ್ನುತ್ತಿದ್ದರು. ಕಾಕಾ ಒಗೆಯಲಿಲ್ಲ.

"ತಡೀರಿ, ಇನ್ನೂ ಅಲ್ಲಾಡಾಕತ್ತೈತಿ."

ಅವರ ಬೆನ್ನ ಹಿಂದೆ ಆರು ಹೆಜ್ಜೆ ದೂರದಲ್ಲಿ ನಾನಿದ್ದೆ. "ಅಲ್ಲಿ ನಿಂತವ ನಿನ್ನ ತಮ್ಮ ಆಗಿದ್ರ ಹಿಂಗ ತಡೀತಿದ್ದೇನು ಮುದುಕಾ?" ಎಂದು ಚೀರಿದೆ. ಅವರನ್ನು ನಾನು ಅದುವರೆಗೆ ಏಕವಚನದಲ್ಲಿ ಕರೆದವನಲ್ಲ.

ಅವರು ತಿರುಗಿ ನೋಡಲಿಲ್ಲ. ತೂಕ ನಿಂತಿತು. ಕೋಲು ಅವರ ತಲೆಯ ಮೇಲಿಂದ ಬಂತು, ಬಾಗಿತು, ನೆಟ್ಟಗಾಯಿತು. ರೀಲಿನ ದಾರ ಸುಯ್ಯೆಂದು ಹೋಗುತ್ತಲೇ ಇತ್ತು. ಹಳದಿ ಚುಕ್ಕೆಯೊಂದು ನೀರಿನ ಮೇಲೆ ಹಾರಿ, ಸ್ಲ್ಯಾಬಿನ ಮೂಲೆ ದಾಟಿ, ಮೋಟರ್ ಮನೆಯ ಪಕ್ಕದ ಗೋಡೆಗೆ ಬಡಿದ ಟಣ್ ಎಂಬ ಸದ್ದು ಇಷ್ಟು ದೂರಕ್ಕೂ ಕೇಳಿಸಿತು. ದಾರ ಸ್ಲ್ಯಾಬಿನ ಮೂಲೆಯ ಮೇಲೆ ಬಿದ್ದಿತ್ತು. ತಮ್ಮ ಬೋರಲಾಗಿ ಬಿದ್ದು ಅದನ್ನು ಹಿಡಿದ.

ಆಮೇಲಿನದು ಕೈಕೆಲಸ. ಹುರಿ ಹೋಯಿತು, ಹಗ್ಗ ಹೋಯಿತು, ಅವನು ಅದನ್ನು ಕಬ್ಬಿಣದ ಪೈಪಿಗೆ ಕಟ್ಟಿದ, ಹಗ್ಗದಗುಂಟ ಟ್ಯೂಬ್ ಹೋಯಿತು. ನಾವು ಹನ್ನೆರಡು ಜನ ಜಗ್ಗಿದೆವು. ದಂಡೆಗೆ ಬಂದಾಗ ಅವನ ತುಟಿ ನೀಲಿಯಾಗಿತ್ತು. ಬಲಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ. ಕಾಕಾ ಒಂದೊಂದೇ ಬೆರಳು ಬಿಡಿಸಿದರು. ಒಳಗೆ ಹಿತ್ತಾಳೆಯ ತೂಕ.

"ಸ್ಟಾರ್ಟರ್ ಬಿಟ್ಟು ಇದನ್ನ ತಂದೇನೋ ಹುಚ್ಚಪ್ಪಾ!" ಎಂದರು ಕಾಕಾ. ಅಷ್ಟಂದು ಅಲ್ಲೇ ಕೆಸರಿನಲ್ಲಿ ಕುಳಿತರು.

ನೀರು ಇಳಿದ ಮೇಲೆ ನಾನು ಆ ಜಾಗವನ್ನು ಹೆಜ್ಜೆಯಿಂದ ಅಳೆದೆ. ಎಂಬತ್ತೆರಡು ಹೆಜ್ಜೆ. ಕಾಕಾನ ಮೆತ್ತನೆಯ ಕೋಲಿನಿಂದ ಆಗುತ್ತಿರಲಿಲ್ಲ. ಗೆಂಡೆಯ ಬಾಯಿ ಹರಿದ ಕೋಲೇ ಬೇಕಿತ್ತು.

ಎರಡು ವಾರ ಬಿಟ್ಟು ನಿಪ್ಪಾಣಿಗೆ ಹೋದೆ. ಕಾಕಾ ಗಾಜಿನ ಪೆಟ್ಟಿಗೆಯೊಳಗಿನ ನಾಜೂಕು ತಕ್ಕಡಿಯಲ್ಲಿ ಅದೇ ತೂಕವನ್ನು ಇಟ್ಟುಕೊಂಡು ಕುಳಿತಿದ್ದರು. ಅದರ ಅಂಚು ಗೋಡೆಗೆ ಬಡಿದು ಒಂದು ಕಡೆ ಸವರಿಹೋಗಿತ್ತು.

"ನಾಕುನೂರು ಮಿಲಿಗ್ರಾಂ ಕಡಿಮಿ ಬಂತು. ಇನ್ನ ಇದು ನೂರಲ್ಲ. ಹೊಸಾದು ತರಿಸೀನಿ," ಎಂದರು. ಹಳೆಯದನ್ನು ನನ್ನ ಮುಂದೆ ಇಟ್ಟರು. "ನೀ ಇಟ್ಕೊ. ಆದ್ರ ಇದರಿಂದ ಏನೂ ತೂಗಬ್ಯಾಡ ಮತ್ತ, ಸೆಕ್ರೆಟ್ರಿ. ಮುದ್ರಿ ಹಾಕವ್ರು ನನ್ನ ಹಿಡೀತಾರ."

ನಾನು ಬಂದದ್ದು ಬೇರೆ ಮಾತಿಗೆ. "ಕಾಕಾ, ಅವತ್ತ ನಾ ನಿಮಗ ಒಂದು ಮಾತ..."

"ಏನಂದಿದ್ದಿ?" ಕಾಕಾ ತಕ್ಕಡಿಯ ಗಾಜಿನ ಬಾಗಿಲು ಒರೆಸುತ್ತ ಕೇಳಿದರು. "ಅವತ್ತ ಗಾಳಿ ಭಾಳ ಇತ್ತಪ. ಕೇಳಿಸಲಿಲ್ಲ ನನಗ."

ಅಂದು ಗಾಳಿ ಇತ್ತು, ಅದು ನಿಜ. ಆದರೆ ಅದು ನಾನು ನಿಂತ ಕಡೆಯಿಂದ ಅವರ ಕಡೆಗೇ ಬೀಸುತ್ತಿತ್ತು. ನಾನು ಮತ್ತೆ ಆ ಮಾತು ಎತ್ತಲಿಲ್ಲ, ಅವರು ಚಹಾ ತರಿಸಿದರು.

ಆಮೇಲೆ ನಾಲ್ಕು ವರ್ಷ ನಮ್ಮ ಭಾನುವಾರಗಳು ಮೊದಲಿನ ಹಾಗೆಯೇ ನಡೆದವು. ಕಾಕಾ ಕುರ್ಚಿಯಲ್ಲಿ, ತಮ್ಮ ಪಕ್ಕದಲ್ಲಿ, ನಾನು ಥರ್ಮಾಸಿನ ಹತ್ತಿರ. ತಮ್ಮ ಎರಡೂವರೆ ರತ್ತಲಿನ ಕೋಲೊಂದನ್ನು, ಈ ಸಲ ಕೇಳಿ, ತೂಗಿಸಿ ಕೊಂಡ. ಆಗಾಗ ಗೆಂಡೆ ಬೀಳುತ್ತಿತ್ತು, ಬೀಳದ ದಿನಗಳೂ ಚೆನ್ನಾಗಿದ್ದವು. ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮುಗಿಸಿ ಅಂಗಡಿಯಲ್ಲೇ ಗೋಡೆಗೆ ಒರಗಿದ ಕಾಕಾ ಮತ್ತೆ ಏಳಲಿಲ್ಲ. ಅವರ ಮಗಳು ಈಗ ಅಂಗಡಿ ನಡೆಸುತ್ತಾಳೆ. ಈ ವರ್ಷ ನಮ್ಮ ಕಾಟಾ ನೋಡಲು ಅವಳೇ ಬಂದಿದ್ದಳು, ಅದೇ ಪೆಟ್ಟಿಗೆ ಹಿಡಿದು. ಮಲ್ ಬಟ್ಟೆ ಮಾತ್ರ ಹೊಸದು.

ಆ ಸವೆದ ತೂಕ ನನ್ನ ಮೇಜಿನ ಮೇಲಿದೆ. ಅದರಿಂದ ನಾನು ಏನನ್ನೂ ತೂಗುವುದಿಲ್ಲ.

ಮೋಟರ್ ಮನೆಯ ಬಿದ್ದ ಮೂಲೆಯನ್ನು ತಮ್ಮ ಮತ್ತೆ ಕಟ್ಟಿಸಿದ್ದಾನೆ. ಹೊಳೆಗೆ ಹೋದಾಗಲೆಲ್ಲ ನಾನು ಅದರ ಪಕ್ಕದ ಗೋಡೆಯ ಹತ್ತಿರ ಒಮ್ಮೆ ನಿಲ್ಲುತ್ತೇನೆ. ಸ್ಲ್ಯಾಬಿನಿಂದ ಒಂದು ಗೇಣು ಕೆಳಗೆ, ಕರಿಕಲ್ಲಿನ ಮೇಲೆ, ಬೆರಳಿನ ಉದ್ದದ ಒಂದು ಹಳದಿ ಗೀರು ಇದೆ. ಬಿಸಿಲು ಓರೆಯಾದಾಗ ಮಿಂಚುತ್ತದೆ. ಗೋಡೆಗೆಲ್ಲ ಸುಣ್ಣ ಬಳಿಯಲು ಬಂದವನಿಗೆ ತಮ್ಮ ಆ ಒಂದು ಕಲ್ಲು ಬಿಡಲು ಹೇಳಿದ್ದ. ಯಾಕೆಂದು ಅವನು ಕೇಳಿದನಂತೆ.

"ಅದು ನಮ್ಮ ಕಾಕಾಂದು. ನಾಕುನೂರು ಮಿಲಿಗ್ರಾಂ ಐತಿ, ಮುಟ್ಟಬ್ಯಾಡ," ಎಂದನಂತೆ ತಮ್ಮ.